ಪಾಳಿಯ ಪಟ್ಟಿ ಮತ್ತು ಅದರ ಮರುತಾಳೆ

ಹೈದರಾಬಾದು ನಗರದ ಈಶಾನ್ಯ ಅಂಚಿನಲ್ಲಿರುವ ಕುಷಾಯಿಗೂಡವು ರಾಜಮಹಾರಾಜರ ಚರಿತ್ರೆಯಲ್ಲಿ ಹೆಸರು ಪಡೆದ ಸ್ಥಳವಲ್ಲ. ಅದರ ನೆರೆಯ ಮೌಲಾಲಿ ಗುಡ್ಡಕ್ಕೆ ಕುತುಬ್‌ಶಾಹಿಗಳ ಕಾಲದಿಂದಲೂ ಪ್ರಸಿದ್ಧಿಯಿದೆ. ಕುಷಾಯಿಗೂಡಕ್ಕಾದರೋ ಪ್ರಸಿದ್ಧಿ ಬಂದುದು ಕಾರ್ಖಾನೆಗಳಿಂದ. 1967ರ ಏಪ್ರಿಲ್ 11ರಂದು ಪರಮಾಣು ಶಕ್ತಿ ಇಲಾಖೆಯ ಆಶ್ರಯದಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಯು ಸ್ಥಾಪಿತವಾಯಿತು; 1971ರಲ್ಲಿ ಅದರ ಸಮೀಪದಲ್ಲಿಯೇ ಪರಮಾಣು ಇಂಧನ ಸಂಕೀರ್ಣವು ಬಂದಿತು; ಈ ಎರಡರ ನೆರಳಿನಲ್ಲಿ ಕುಷಾಯಿಗೂಡ, ಚರ್ಲಪಲ್ಲಿಗಳ ಸಣ್ಣ ಕಾರ್ಖಾನೆಗಳು ಬೆಳೆದುವು. ಮೊದಲನೆಯ ಸಂಸ್ಥೆಯ ಸ್ಥಾಪಕರಾದ ಡಾ. ಎ. ಎಸ್. ರಾಯರ ಹೆಸರನ್ನು ಪಕ್ಕದ ಬಡಾವಣೆಯು ಇಂದಿಗೂ ಹೊತ್ತುಕೊಂಡಿದೆ. ಇಲ್ಲಿ ದಿನವು ಸೂರ್ಯೋದಯದಿಂದ ಆರಂಭವಾಗುವುದಿಲ್ಲ, ಪಾಳಿಯಿಂದ ಆರಂಭವಾಗುತ್ತದೆ. ಯಾರು ಯಾವ ಪಾಳಿಗೆ ಎಷ್ಟು ಗಂಟೆಗೆ ಬರಬೇಕು, ಬಂದರೇ ಇಲ್ಲವೇ, ಬಂದುದು ಗೊತ್ತುಪಡಿಸಿದ ಪಟ್ಟಿಗೆ ಸರಿಹೊಂದುವುದೇ ಎಂಬ ಲೆಕ್ಕವೇ ಈ ಪ್ರದೇಶದ ದೈನಂದಿನ ಜೀವನದ ಬೆನ್ನೆಲುಬು ಎಂದರೆ ಅತಿಶಯೋಕ್ತಿಯಾಗಲಾರದು.

ಆ ಲೆಕ್ಕವನ್ನು ಇಡುವ ಸಾಧನವು ಬದಲಾದಾಗ ಏನಾಗುತ್ತದೆಂಬುದು ಪ್ರಸ್ತುತ ಲೇಖನದ ವಿಷಯ. ಈಗಿನ ಕಾಲದಲ್ಲಿ ನೌಕರರ ಪಾಳಿಯನ್ನು ನಿಗದಿಮಾಡಿ, ಅವರ ಹಾಜರಿಯನ್ನು ಪಾಳಿಯೊಡನೆ ತಾಳೆ ನೋಡುವ ತಂತ್ರಾಂಶಗಳು ದೊಡ್ಡ ಸಂಸ್ಥೆಗಳಲ್ಲೆಲ್ಲ ಬಂದಿವೆ. ತಂತ್ರಾಂಶದ ಹೊಸ ಆವೃತ್ತಿ ಬಂದಾಗ, ಇಲ್ಲವೆ ಅದರೊಳಗಿನ ಒಂದು ನಿಯಮ ತಿದ್ದಲ್ಪಟ್ಟಾಗ, ನಿನ್ನೆಯವರೆಗೆ ಸಕಾಲದಲ್ಲಿ ಬಂದವನೆಂದು ಎಣಿಸಲ್ಪಟ್ಟವನು ಇಂದು ತಡವಾಗಿ ಬಂದವನಾಗಬಹುದು. ಬಂದವನ ನಡಿಗೆಯಲ್ಲಿ ವ್ಯತ್ಯಾಸವಿರುವುದಿಲ್ಲ. ಅಳೆಯುವ ಗಜವು ಮಾತ್ರ ಬೇರೆಯಾಗಿರುತ್ತದೆ. ಆದುದರಿಂದ ಪ್ರತಿ ಬದಲಾವಣೆಯ ಅನಂತರವೂ ಮರುತಾಳೆ ಅವಶ್ಯಕವೆಂದು ತಜ್ಞರು ಹೇಳುತ್ತಾರೆ. ಇದು ಗಣಕಯುಗದ ಹೊಸ ತೊಡಕೆಂದು ಭಾವಿಸುವವರುಂಟು. ಆ ಭಾವನೆ ಸರಿಯಲ್ಲ. ಗಡಿಯಾರ ಬದಲಾದಾಗ, ಪಂಚಾಂಗ ಬದಲಾದಾಗ, ಕಡತ ಬದಲಾದಾಗಲೂ ಇದೇ ತೊಡಕು ಹುಟ್ಟಿತ್ತು. ಅದರ ವೃತ್ತಾಂತದಲ್ಲಿ ಕನ್ನಡ ನಾಡಿಗೂ ಸಾಕಷ್ಟು ಪಾಲಿದೆ.

ಮೊದಲು ಎರಡು ಶಬ್ದಗಳ ವಿಚಾರ. ಹಾಜರಿ ಎಂಬುದು ಅರಬ್ಬಿಯ ‘ಹಾಜಿರ್’ ಎಂಬುದರಿಂದ ಬಂದುದು. ಎದುರಿಗೆ ಇರುವಿಕೆ ಎಂಬುದು ಅದರ ಮೂಲಾರ್ಥ. ದಫ್ತರ, ಜಮಾಬಂದಿ, ಕಚೇರಿ ಮುಂತಾದ ಮಾತುಗಳಂತೆ ಇದೂ ಆಡಳಿತದೊಡನೆ ಕನ್ನಡಕ್ಕೆ ಇಳಿದು, ಈಗ ಶಾಲೆಯ ಹುಡುಗನಿಗೂ ಮನೆಮಾತಾಗಿದೆ. ತಾಳೆ ನೋಡುವುದು ಎಂಬುದಾದರೋ ಅಂಗಡಿಯ ಗಲ್ಲೆಯಿಂದ ಬ್ಯಾಂಕಿನ ಖಾತೆಯವರೆಗೆ ಲೆಕ್ಕ ಬಲ್ಲವರೆಲ್ಲರೂ ಆಡುವ ಮಾತು: ಒಂದು ಲೆಕ್ಕವನ್ನು ಇನ್ನೊಂದರ ಪಕ್ಕದಲ್ಲಿಟ್ಟು ಎರಡೂ ಕೂಡುವುವೇ ಎಂದು ಪರೀಕ್ಷಿಸುವುದು. ಹಾಜರಿಯೊಂದೇ ಇದ್ದರೆ ಅದು ಬರಿಯ ಸಾಕ್ಷ್ಯ. ಪಾಳಿಯ ಪಟ್ಟಿಯೊಡನೆ ತಾಳೆಯಾದಾಗ ಅದು ತೀರ್ಪು. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಬರುವ ಎಲ್ಲ ಪ್ರಸಂಗಗಳಲ್ಲಿಯೂ ಕೆಟ್ಟುದು ಸಾಕ್ಷ್ಯವಲ್ಲ, ತೀರ್ಪು.

ಹೈದರಾಬಾದು ಸಂಸ್ಥಾನದಲ್ಲಿ ಕಚೇರಿಯ ವರ್ಷವೆಂದರೆ ಫಸಲಿ ವರ್ಷ. ಅದರ ಮೊದಲ ತಿಂಗಳಾದ ಆಜೂರ್ ಅಕ್ಟೋಬರಿನಲ್ಲಿ ಆರಂಭವಾಗುತ್ತಿತ್ತು. ಅನಂತರ ದೈ, ಬಹಮನ್, ಇಸ್ಫಂದಾರ್ ಎಂದು ಮುಂದುವರಿದು ಸೆಪ್ಟೆಂಬರಿನ ಸುಮಾರಿಗೆ ಬರುವ ಆಬಾನಿನಲ್ಲಿ ಮುಗಿಯುತ್ತಿತ್ತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯು ಈ ಲೆಕ್ಕದಲ್ಲಿ 1357ನೆಯ ಫಸಲಿಯ ಆಬಾನ್ ತಿಂಗಳಿಗೆ ಬೀಳುತ್ತದೆ. ಫಸಲಿಯನ್ನು ಕ್ರಿಸ್ತಶಕಕ್ಕೆ ತಿರುಗಿಸಲು 590ನ್ನು ಕೂಡಿಸಬೇಕೆಂಬುದು ಲೋಕರೂಢಿ. ಆದರೆ ಆ ಸೂತ್ರವು ಆಜೂರಿನಿಂದ ಡಿಸೆಂಬರ್ ಅಂತ್ಯದವರೆಗೆ ಮಾತ್ರ ಸರಿ. ಜನವರಿಯಿಂದಾಚೆಗಿನ ತಿಂಗಳುಗಳಿಗೆ 591ನ್ನು ಕೂಡಿಸಬೇಕು. ಫರ್ವರ್ದಿ ತಿಂಗಳು, ಅಂದರೆ ಸುಮಾರು ಫೆಬ್ರವರಿ, 1340 ಫಸಲಿಯಲ್ಲಿ ಸೇವೆಗೆ ಸೇರಿದ ಗುಮಾಸ್ತನೊಬ್ಬನನ್ನು ಊಹಿಸಿಕೊಳ್ಳಬಹುದು. ಅವನು ಸೇರಿದುದು 1931ರಲ್ಲಿ. ಕುರುಡಾಗಿ 590 ಕೂಡಿಸಿದ ಲೆಕ್ಕಿಗನ ಕೈಯಲ್ಲಿ ಅದು 1930 ಆಗುತ್ತದೆ. ಸೇರಿದ ದಿನಕ್ಕೆ ಹೀಗಾದರೆ ಸೇವೆಗೆ ಒಂದು ವರ್ಷದ ಲಾಭ; ಹುಟ್ಟಿದ ದಿನಕ್ಕೆ ಹೀಗಾದರೆ ನಿವೃತ್ತಿಯು ಒಂದು ವರ್ಷ ಮೊದಲು. 1956ರಲ್ಲಿ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಆ ಭಾಗದ ನೌಕರರ ಸೇವಾ ಪುಸ್ತಕಗಳೂ ಅವರೊಡನೆ ಬಂದುವು. ಕನ್ನಡನಾಡಿನ ಏಕೀಕರಣದ ಇತಿಹಾಸವನ್ನು ಬರೆದವರು ಭಾಷಣಗಳನ್ನೂ ಸತ್ಯಾಗ್ರಹಗಳನ್ನೂ ದಾಖಲೆ ಮಾಡಿರುವಷ್ಟು ಈ ಸೇವಾ ಪುಸ್ತಕಗಳನ್ನು ಗಮನಿಸಿಲ್ಲವೆಂಬುದು ವಿಷಾದದ ಸಂಗತಿ.

ಪಂಚಾಂಗದ ತೊಡಕು ವರ್ಷದ್ದಾದರೆ ಗಡಿಯಾರದ ತೊಡಕು ನಿಮಿಷದ್ದು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗವು 1874ರಲ್ಲಿ ತೆರೆಯಿತು. ಆ ಕಾಲದ ರೈಲ್ವೆಗಳು ಮದರಾಸಿನ ಕಾಲವನ್ನು ಅನುಸರಿಸುತ್ತಿದ್ದುವು. ರೇಖಾಂಶದ ಪ್ರಕಾರ ಹೈದರಾಬಾದಿನ ಸೂರ್ಯಕಾಲವು ಮದರಾಸಿಗಿಂತ ಸುಮಾರು 7 ನಿಮಿಷ ಹಿಂದೆ. ಕನ್ನಡ ಸೀಮೆಯ ವಾಡಿಯದು ಸುಮಾರು 13 ನಿಮಿಷ ಹಿಂದೆ. ಅನಂತರ ಭಾರತೀಯ ನಿಯತಕಾಲವು ರೈಲ್ವೆಗಳಲ್ಲಿ 1905ರಲ್ಲಿಯೂ ಸಾರ್ವತ್ರಿಕವಾಗಿ 1906ರ ಜನವರಿ 1ರಿಂದಲೂ ಬಂದಾಗ ಈ ಅಂತರಗಳು ಹೈದರಾಬಾದಿಗೆ 16 ನಿಮಿಷ, ವಾಡಿಗೆ 22 ನಿಮಿಷಗಳಾದುವು. ಮುಂಬಯಿಗೆ 39 ನಿಮಿಷ. ಈ 39 ನಿಮಿಷಗಳಿಗಾಗಿ ಮುಂಬಯಿಯ ಗಿರಣಿ ಕಾರ್ಮಿಕರು 1906ರ ಜನವರಿಯಲ್ಲಿ ಮಗ್ಗಗಳನ್ನು ಬಿಟ್ಟು ಹೊರಬಂದು ಗಿರಣಿಗಳ ಮೇಲೆ ಕಲ್ಲು ತೂರಿದರು. ನಗರದ 15,000ಕ್ಕೂ ಹೆಚ್ಚು ಮಂದಿ ಮನವಿಗಳಿಗೆ ಸಹಿ ಹಾಕಿದರು. ವಿದ್ಯಾವಂತರಲ್ಲಿ ಕೆಲವರಿಗೆ ಇದು ಮೌಢ್ಯವಾಗಿ ಕಂಡಿರಬಹುದು. ಆದರೆ ಕಾರ್ಮಿಕನ ಲೆಕ್ಕ ಸರಿಯಾಗಿತ್ತು: ಹೊಸ ಗಡಿಯಾರದ ಆರು ಗಂಟೆ ಎಂದರೆ ಹಳೆಯ ಗಡಿಯಾರದ ಐದು ಗಂಟೆ ಇಪ್ಪತ್ತೊಂದು ನಿಮಿಷ. ಗಿರಣಿಯ ಬಾಗಿಲಿನ ಫಲಕದಲ್ಲಿ ಒಂದಕ್ಷರವೂ ಬದಲಾಗದೆ ಕೆಲಸದ ವೇಳೆ ಬದಲಾಗಿತ್ತು. ಇಂದಿನ ತಂತ್ರಾಂಶದ ತೊಡಕಿಗೆ ಇದಕ್ಕಿಂತ ಹತ್ತಿರದ ಪೂರ್ವಜ ಸಿಕ್ಕುವುದು ಕಷ್ಟ. ಮುಂಬಯಿಯಲ್ಲಿ ಹಳೆಯ ಕಾಲವು ಅರ್ಧ ಶತಮಾನದವರೆಗೆ, 1955ರವರೆಗೆ, ಹೊಸದರ ಜೊತೆಯಲ್ಲಿಯೇ ಬಾಳಿತು.

ಕೋಲಾರದ ಚಿನ್ನದ ಗಣಿಗಳಲ್ಲಿ ಪ್ರಶ್ನೆಯು ಬೇರೆ ರೂಪದಲ್ಲಿ ಬಂದಿತು. ಕಾರ್ಮಿಕರ ಬೆರಳಚ್ಚನ್ನು ತೆಗೆದು ನೋಂದಾಯಿಸುವ ಕ್ರಮಕ್ಕೆ ವಿರುದ್ಧವಾಗಿ 1930ರಲ್ಲಿ ಅಲ್ಲಿ ದೊಡ್ಡ ಮುಷ್ಕರವಾಯಿತು. ಬೆರಳಚ್ಚು ಆಗ ಅಪರಾಧಿಗಳನ್ನು ಗುರುತಿಸುವ ಸಾಧನವೆಂದು ಜನರಿಗೆ ಪರಿಚಿತವಾಗಿತ್ತು. ದುಡಿಯುವವನನ್ನು ಕಳ್ಳನಂತೆ ಗುರುತಿಸುವುದೇ ಎಂಬುದು ಅವರ ಸಂಕಟದ ಮೂಲ. ಅಲ್ಲಿಂದ 84 ವರ್ಷಗಳ ಬಳಿಕ, 2014ರಲ್ಲಿ, ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಆಧಾರ್ ಜೋಡಣೆಯ ಬೆರಳಚ್ಚಿನ ಹಾಜರಿ ಬಂದಾಗ ಅಂತಹ ಮುಷ್ಕರವಾಗಲಿಲ್ಲ.

ಇನ್ನು ಯಂತ್ರದ ವಂಶಾವಳಿ. ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಆಬರ್ನ್ ಪಟ್ಟಣದ ವಿಲರ್ಡ್ ಬಂಡಿ ಎಂಬ ಆಭರಣದ ವ್ಯಾಪಾರಿಯು 1888ರ ಸುಮಾರಿನಲ್ಲಿ ನೌಕರನ ಬರವಿನ ಸಮಯವನ್ನು ತಾನೇ ಮುದ್ರಿಸುವ ಗಡಿಯಾರವನ್ನು ರಚಿಸಿದನು. 1894ರಲ್ಲಿ ಡೇನಿಯಲ್ ಕೂಪರನು ಕಾಗದದ ಕಾರ್ಡಿನ ಮೇಲೆ ಸಮಯವನ್ನೊತ್ತುವ ಯಂತ್ರವನ್ನು ಮಾಡಿದನು. ಇಂತಹ ಕಂಪನಿಗಳು ಕೂಡಿ 1900ರಲ್ಲಿ ಇಂಟರ್‌ನ್ಯಾಷನಲ್ ಟೈಮ್ ರೆಕಾರ್ಡಿಂಗ್ ಕಂಪನಿ ಆಯಿತು. ಅದು 1911ರಲ್ಲಿ ರಂಧ್ರಪತ್ರದ ಲೆಕ್ಕಯಂತ್ರಗಳ ಕಂಪನಿಯೊಡನೆ ಒಂದೇ ಸಂಸ್ಥೆಯೊಳಗೆ ಬಂದಿತು. 1924ರಲ್ಲಿ ಆ ಸಂಸ್ಥೆಯು ಐಬಿಎಂ ಎಂಬ ಹೆಸರನ್ನು ಧರಿಸಿತು. ಲೋಕದ ಅತಿ ಪ್ರಸಿದ್ಧ ಗಣಕ ಸಂಸ್ಥೆಯ ಒಂದು ಬೇರು ಹಾಜರಿಯ ಗಡಿಯಾರದಲ್ಲಿದೆ. 1958ರಲ್ಲಿ ಅದು ಗಡಿಯಾರದ ವಿಭಾಗವನ್ನು ಮಾರಿತು. 1978ರಲ್ಲಿ, ವಿದೇಶೀ ಬಂಡವಾಳವನ್ನು ಮಿತಗೊಳಿಸುವ 1973ರ ವಿದೇಶಿ ವಿನಿಮಯ ಕಾಯಿದೆಗೆ ಒಪ್ಪದೆ, ಭಾರತವನ್ನು ಬಿಟ್ಟು ಹೋಯಿತು. ಆ ವೇಳೆಗೆ ಕುಷಾಯಿಗೂಡದ ನೆರೆಯ ಕಾರ್ಖಾನೆಯು ಸ್ವದೇಶಿ ಗಣಕಗಳನ್ನು ತಯಾರಿಸತೊಡಗಿ ಹತ್ತಿರ ಹತ್ತಿರ ಒಂದು ದಶಕವಾಗಿತ್ತು. ಟ್ರಾಂಬೆಯ ಪರಮಾಣು ಕೇಂದ್ರದಲ್ಲಿ ರೂಪುಗೊಂಡ ಟಿಡಿಸಿ-12 ಎಂಬ ಯಂತ್ರವನ್ನು ಅದು 1969ರಲ್ಲಿ ಹೊರತಂದಿತ್ತು. ಅನಂತರ ಟಿಡಿಸಿ-312, ಟಿಡಿಸಿ-316 ಎಂಬುವು ಬಂದುವು. ಗಣಕವನ್ನು ಕಟ್ಟಿದ ಕೈಗಳೇ ಬಾಗಿಲಲ್ಲಿ ಪಾಳಿಯ ಲೆಕ್ಕಕ್ಕೂ ಒಳಪಟ್ಟಿದ್ದುವು ಎಂಬುದು ಈ ಸ್ಥಳದ ವೈಶಿಷ್ಟ್ಯ.

ಆ ಲೆಕ್ಕವನ್ನು ಆಳುತ್ತಿದ್ದುದು 1948ರ ಕಾರ್ಖಾನೆಗಳ ಕಾಯಿದೆ. ಅದು 1949ರ ಏಪ್ರಿಲ್ 1ರಂದು ಜಾರಿಗೆ ಬಂದು 2025ರ ನವೆಂಬರಿನವರೆಗೆ ನಡೆಯಿತು. ಅದರ 61, 62, 63ನೆಯ ಕಲಮುಗಳನ್ನು ಒಟ್ಟಿಗೆ ಓದಿದವರಿಗೆ, ತಂತ್ರಾಂಶ ನಿರ್ಮಾಪಕರು ಹೊಸದೆಂದು ಹೇಳುವ ತತ್ತ್ವವೆಲ್ಲ ಅಲ್ಲಿ ಆಗಲೇ ಇದ್ದುದು ಗೋಚರವಾಗುತ್ತದೆ. 61ನೆಯ ಕಲಮಿನಂತೆ ಕೆಲಸದ ವೇಳೆಗಳ ಸೂಚನಾಪತ್ರವನ್ನು ಕಾರ್ಖಾನೆಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. 62ರಂತೆ ಪ್ರತಿಯೊಬ್ಬ ವಯಸ್ಕ ಕಾರ್ಮಿಕನ ಹೆಸರು, ಗುಂಪು, ಪಾಳಿಗಳನ್ನು ತೋರಿಸುವ ಪುಸ್ತಕವನ್ನಿಡಬೇಕು. 63ರಂತೆ, ಸೂಚನಾಪತ್ರಕ್ಕೂ ಪುಸ್ತಕದಲ್ಲಿ ಮುಂಚಿತವಾಗಿ ಬರೆದುದಕ್ಕೂ ಅನುಗುಣವಾಗಿಯಲ್ಲದೆ ಯಾರಿಂದಲೂ ಕೆಲಸ ಮಾಡಿಸಕೂಡದು. ‘ಮುಂಚಿತವಾಗಿ’ ಎಂಬ ಮಾತಿನಲ್ಲಿಯೇ ಕಾಯಿದೆಯ ಪ್ರಾಣವಿದೆ. ಇಂದು ಪಟ್ಟಿಗೆ ಹೊಂದಿ ನಡೆಯುವ ಹೊಣೆಯನ್ನು ಎಲ್ಲರೂ ನೌಕರನ ತಲೆಗೆ ಕಟ್ಟುತ್ತಾರೆ. ಕಾಯಿದೆಯು ಅದನ್ನು ಮೊದಲು ಮಾಲಿಕನ ತಲೆಗೆ ಕಟ್ಟಿತ್ತು. ಅಷ್ಟೇ ಅಲ್ಲದೆ 61ನೆಯ ಕಲಮಿನ ಹತ್ತನೆಯ ಉಪಕಲಮು, ಕೆಲಸದ ವ್ಯವಸ್ಥೆಯನ್ನು ಬದಲಿಸಿ ಸೂಚನಾಪತ್ರವನ್ನು ತಿದ್ದಬೇಕಾದಲ್ಲಿ ಮೊದಲೇ ಎರಡು ಪ್ರತಿಗಳಲ್ಲಿ ಇನ್‌ಸ್ಪೆಕ್ಟರರಿಗೆ ತಿಳಿಸಬೇಕೆಂದೂ, ಅವರ ಪೂರ್ವಾನುಮತಿಯಿಲ್ಲದೆ ಹಿಂದಿನ ಬದಲಾವಣೆಯಾಗಿ ಒಂದು ವಾರ ಕಳೆಯುವ ಮೊದಲು ಇನ್ನೊಂದನ್ನು ಮಾಡಕೂಡದೆಂದೂ ವಿಧಿಸಿತ್ತು. ಬದಲಾವಣೆಗೂ ಬದಲಾವಣೆಗೂ ನಡುವೆ ಒಂದು ವಾರ! ರಾತ್ರೋರಾತ್ರಿ ಆವೃತ್ತಿ ಬದಲಾಗುವ ಈ ಕಾಲದವರಿಗೆ ಅದು ಎತ್ತಿನ ಗಾಡಿಯ ನಡಿಗೆಯಾಗಿ ತೋರಬಹುದು. ಆದರೆ ತಾಳೆ ನೋಡುವುದಕ್ಕೆ ಬೇಕಾದ ಬಿಡುವು ಅದರಲ್ಲಿತ್ತು. ಕೈಗಾರಿಕಾ ವಿವಾದಗಳ ಕಾಯಿದೆಗೆ 1956ರಲ್ಲಿ ಸೇರಿಸಲಾದ 9-ಎ ಕಲಮು ಕೆಲಸದ ಗಂಟೆ, ವಿರಾಮಗಳಂತಹ ವಿಷಯಗಳಲ್ಲಿ 21 ದಿನಗಳ ಮುನ್ಸೂಚನೆಯನ್ನು ಕಡ್ಡಾಯಪಡಿಸಿತ್ತು.

ಪಾಳಿಯ ಸೂಚನಾಪತ್ರದ ಒಂದಕ್ಷರವನ್ನೂ ಮುಟ್ಟದೆ, ಎಣಿಸುವ ನಿಯಮವನ್ನು ಮಾತ್ರ ತಿದ್ದಿದರೆ? ನಿಜವಾದ ತೊಡಕು ಇಲ್ಲಿದೆ; ಇದನ್ನು ಅಂಕಿಗಳಿಂದಲೇ ವಿಶದಪಡಿಸಬೇಕು.

ಮೂರು ಪಾಳಿಗಳ ಒಂದು ಕಾರ್ಖಾನೆ: ಬೆಳಗಿನ 6ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 10, ರಾತ್ರಿ 10ರಿಂದ ಬೆಳಗಿನ 6. ಸೋಮವಾರ ಮಧ್ಯಾಹ್ನದ ಪಾಳಿಗೆ ಬಂದ ಕಾರ್ಮಿಕನು, ರಾತ್ರಿಯ ಪಾಳಿಯವನು ಬಾರದ ಕಾರಣ, ಅಲ್ಲಿಯೇ ಉಳಿದು ಮಂಗಳವಾರ ಬೆಳಿಗ್ಗೆ 6ರವರೆಗೆ ದುಡಿದನೆನ್ನೋಣ. ಇಂತಹ ದುಡಿತ ಕಾನೂನಿನ ಮಿತಿಯನ್ನು ಮೀರಿದುದು. ಆದರೂ ನಡೆಯುತ್ತದೆಂಬುದು ಕಾರ್ಖಾನೆಯ ಊರಿನಲ್ಲಿ ಬಾಳಿದವರಿಗೆಲ್ಲ ಗೊತ್ತು. 57ನೆಯ ಕಲಮಿನ ಪ್ರಕಾರ ಮಧ್ಯರಾತ್ರಿಯನ್ನು ದಾಟುವ ಪಾಳಿಯಲ್ಲಿ ಮಧ್ಯರಾತ್ರಿಯ ಅನಂತರದ ಗಂಟೆಗಳನ್ನು ಹಿಂದಿನ ದಿನಕ್ಕೇ ಸೇರಿಸಬೇಕು. ಹಾಗೆ ಎಣಿಸಿದರೆ ಸೋಮವಾರದ ದುಡಿಮೆ 16 ಗಂಟೆ. 59ನೆಯ ಕಲಮಿನ ಪ್ರಕಾರ ದಿನದಲ್ಲಿ 9 ಗಂಟೆಗಿಂತ ಹೆಚ್ಚಿನದಕ್ಕೆ ಇಮ್ಮಡಿ ಕೂಲಿ. ಎಂದರೆ 7 ಗಂಟೆಗಳಿಗೆ ಇಮ್ಮಡಿ. ಈಗ ತಂತ್ರಾಂಶದಲ್ಲಿ ದಿನದ ಗಡಿಯನ್ನು ಮಧ್ಯರಾತ್ರಿಗೆ ಇಟ್ಟರೆ ಏನಾಗುತ್ತದೆ? ಸೋಮವಾರಕ್ಕೆ 8ರ ಮೇಲೆ 2, ಒಟ್ಟು 10 ಗಂಟೆ. ಮಂಗಳವಾರಕ್ಕೆ 6 ಗಂಟೆ. ಇಮ್ಮಡಿ ಕೂಲಿ ಒಂದೇ ಗಂಟೆಗೆ. ಆರು ಗಂಟೆಗಳ ಹೆಚ್ಚಿನ ದುಡಿಮೆ ಗೆರೆಯೊಂದನ್ನು ಸರಿಸಿದ್ದರಿಂದ ಮಾಯವಾಯಿತು. ಇಷ್ಟು ಸಾಲದೆಂಬಂತೆ, ಮಂಗಳವಾರ ಅವನು ಎಂಟು ಗಂಟೆ ದುಡಿಯಬೇಕಾದಲ್ಲಿ ಆರೇ ಗಂಟೆ ದುಡಿದನೆಂಬ ಆಕ್ಷೇಪವೂ ಪಟ್ಟಿಯಲ್ಲಿ ಮೂಡಬಹುದು.

ಇದರ ವಿಪರ್ಯಾಸವೂ ಉಂಟು. ರಾತ್ರಿಯ ಪಾಳಿ ಮುಗಿಸಿ ಬೆಳಿಗ್ಗೆ 6ಕ್ಕೆ ಹೋದವನು ಅದೇ ದಿನ ಮಧ್ಯಾಹ್ನ 2ಕ್ಕೆ ಮತ್ತೆ ಬಂದು 10ರವರೆಗೆ ದುಡಿದರೆ, ಮಧ್ಯರಾತ್ರಿಯ ಗೆರೆಯ ಲೆಕ್ಕದಲ್ಲಿ ಅವನ ಆ ದಿನದ ದುಡಿಮೆ 6 ಮತ್ತು 8 ಕೂಡಿ 14 ಗಂಟೆ. ಕಾಯಿದೆಯ ಲೆಕ್ಕದಲ್ಲಿ ಎರಡು ದಿನಗಳ ಎಂಟೆಂಟು ಗಂಟೆ. ಇಲ್ಲಿ ಯಂತ್ರವು ಮಾಲಿಕನಿಗೆ ನಷ್ಟವುಂಟುಮಾಡುತ್ತದೆ. ಆದುದರಿಂದ ಇದನ್ನು ದುರುದ್ದೇಶವೆಂದು ಹೇಳುವುದು ನ್ಯಾಯವಲ್ಲ. ಆದರೂ ಲೋಕಾನುಭವವು ತಿಳಿಸುವ ಒಂದು ಮಾತುಂಟು: ಮಾಲಿಕನ ನಷ್ಟವು ಮೊದಲ ತಿಂಗಳಲ್ಲಿಯೇ ಬೆಳಕಿಗೆ ಬರುತ್ತದೆ, ಕಾರ್ಮಿಕನ ನಷ್ಟವು ಬಹುಕಾಲ ಬೆಳಕಿಗೆ ಬರುವುದಿಲ್ಲ.

ನಿಮಿಷಗಳನ್ನು ಮಟ್ಟಸಗೊಳಿಸುವ ನಿಯಮವು ಇನ್ನೂ ಸೂಕ್ಷ್ಮ. ಹತ್ತಿರದ ಕಾಲುಗಂಟೆಗೆ ಸರಿಪಡಿಸುವ ಪದ್ಧತಿಯಲ್ಲಿ 6 ಗಂಟೆ 7 ನಿಮಿಷಕ್ಕೆ ಬಂದವನು ಆರು ಗಂಟೆಗೆ ಬಂದವನಾಗುತ್ತಾನೆ. 6 ಗಂಟೆ 8 ನಿಮಿಷಕ್ಕೆ ಬಂದವನು ಆರೂಕಾಲಿಗೆ ಬಂದವನಾಗುತ್ತಾನೆ. ಒಂದು ನಿಮಿಷದ ಅಂತರಕ್ಕೆ ಹದಿನೈದು ನಿಮಿಷಗಳ ಫಲ. ಎರಡನೆಯವನು 2 ಗಂಟೆ 7 ನಿಮಿಷದವರೆಗೆ ನಿಂತು ಹೋದರೂ ಅವನು ಹೋದುದು ಎರಡಕ್ಕೇ ಎಂದು ಬರೆಯಲ್ಪಡುತ್ತದೆ. ಬರುವಾಗ 7, ಹೋಗುವಾಗ 7, ಒಟ್ಟು 14 ನಿಮಿಷ. 26 ದಿನಗಳಲ್ಲಿ 364 ನಿಮಿಷ, ಎಂದರೆ ಆರು ಗಂಟೆಗಳಿಗಿಂತ ಹೆಚ್ಚು. ನಿಮಿಷವನ್ನು ಇದ್ದಂತೆಯೇ ಎಣಿಸುವ ವ್ಯವಸ್ಥೆಯಿಂದ ಈ ವ್ಯವಸ್ಥೆಗೆ ಬದಲಾದಾಗ ಯಾರ ಅಭ್ಯಾಸವೂ ಬದಲಾಗದೆ ತಡವಾಗಿ ಬಂದವರ ಸಂಖ್ಯೆ ಏರಬಹುದು ಅಥವಾ ಇಳಿಯಬಹುದು. ಮೇಲಧಿಕಾರಿಯು ಆ ಅಂಕಿಗಳನ್ನು ನೋಡಿ ಶಿಸ್ತು ಕೆಟ್ಟಿತೆಂದೋ ಸುಧಾರಿಸಿತೆಂದೋ ಟಿಪ್ಪಣಿ ಬರೆಯುತ್ತಾನೆ.

ಕುಷಾಯಿಗೂಡಕ್ಕೆ ಕಾರ್ಖಾನೆಯಷ್ಟೇ ಮುಖ್ಯವಾದುದು ಅಲ್ಲಿಯ ಬಸ್ ಡಿಪೊ. ನಿಜಾಮರ ಸರ್ಕಾರದ ರೈಲ್ವೆ ಇಲಾಖೆಯು 1932ರಲ್ಲಿ 27 ಬಸ್ಸುಗಳಿಂದಲೂ 166 ನೌಕರರಿಂದಲೂ ಆರಂಭಿಸಿದ ರಸ್ತೆ ಸಾರಿಗೆಯೇ ಇದರ ಮೂಲ. 1951ರಲ್ಲಿ ಅದು ರೈಲ್ವೆಯಿಂದ ಬೇರೆಯಾಗಿ ಹೈದರಾಬಾದು ರಾಜ್ಯದ ಕೈಗೆ ಬಂದಿತು. 1958ರ ಜನವರಿ 11ರಿಂದ ಆಂಧ್ರಪ್ರದೇಶದ ನಿಗಮವಾಯಿತು. 2014ರ ರಾಜ್ಯ ವಿಭಜನೆಯ ಬಳಿಕ ತೆಲಂಗಾಣದ್ದಾಯಿತು. ಕಲಬುರಗಿ, ರಾಯಚೂರು, ಬೀದರಗಳು 1956ರವರೆಗೆ ಇದೇ ಸಂಸ್ಥಾನದ, ಬಳಿಕ ಇದೇ ರಾಜ್ಯದ ಭಾಗಗಳಾಗಿದ್ದುವು. ಇಂದು ಕಲ್ಯಾಣ ಕರ್ನಾಟಕ ಎಂಬ ಹೆಸರಿನಿಂದ ಓಡಾಡುವ ಬಸ್ಸುಗಳಿಗೂ ಕುಷಾಯಿಗೂಡದ ಬಸ್ಸುಗಳಿಗೂ ಹೀಗೆ ದಾಯಾದಿ ಸಂಬಂಧವಿದೆ.

ಚಾಲಕ ನಿರ್ವಾಹಕರ ಸರದಿಯನ್ನು ಆಳುತ್ತಿದ್ದುದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಆರಂಭದಿಂದ ಮುಕ್ತಾಯದವರೆಗಿನ ಹರವು 12 ಗಂಟೆಗಳನ್ನು ಮೀರಬಾರದು ಎಂಬುವು ಅದರ ಸಾಮಾನ್ಯ ಮಿತಿಗಳು. ಅದರಲ್ಲಿ ಒಂದು ಸ್ವಾರಸ್ಯದ ವ್ಯಾಖ್ಯೆಯಿತ್ತು. ಕೊನೆಯ ನಿಲ್ದಾಣದಲ್ಲಿ ಮುಂದಿನ ಸರದಿಗೆ ಕಾದುಕೊಂಡಿರುವ ವೇಳೆಯು 15 ನಿಮಿಷಗಳಿಗಿಂತ ಕಡಿಮೆಯಾದರೆ ಅದು ಕೆಲಸದ ವೇಳೆಗೆ ಸೇರುತ್ತಿತ್ತು. 14 ನಿಮಿಷ ಕಾದರೆ ದುಡಿಮೆ. 15 ನಿಮಿಷ ಕಾದರೆ ಆ ವ್ಯಾಖ್ಯೆಯ ರಕ್ಷಣೆಯಿಲ್ಲ. ದಿನಕ್ಕೆ ಎಂಟು ಸಲ ಹೀಗೆ ನಿಲ್ಲುವ ಸರದಿಯೊಂದರಲ್ಲಿ ಪ್ರತಿ ನಿಲುಗಡೆಗೂ ಒಂದೇ ಒಂದು ನಿಮಿಷವನ್ನು ಕೂಡಿಸಿದರೆ 112 ನಿಮಿಷಗಳ ಲೆಕ್ಕವು ಪ್ರಶ್ನಾರ್ಹವಾಗುತ್ತದೆ. ವೇಳಾಪಟ್ಟಿಯನ್ನು ಕೈಯಿಂದ ಬರೆಯುವ ಟ್ರಾಫಿಕ್ ವಿಭಾಗದ ಗುಮಾಸ್ತನಿಗೆ ಈ ಹದಿನೈದರ ಗಡಿ ತಿಳಿದಿರುತ್ತದೆ, ಅವನು ಅದನ್ನು ಮುಟ್ಟುವ ಮೊದಲು ಒಮ್ಮೆ ತಡೆಯುತ್ತಾನೆ. ಬಸ್ಸುಗಳ ಸಂಖ್ಯೆಯನ್ನು ಮಿತಗೊಳಿಸುವುದೊಂದನ್ನೇ ಗುರಿಯಾಗಿಟ್ಟುಕೊಂಡ ಗಣಿತ ಸೂತ್ರಕ್ಕೆ, ಯಾರಾದರೂ ಹೇಳಿಕೊಡದ ಹೊರತು, ಅದು ತಿಳಿದಿರುವುದಿಲ್ಲ.

ಇಂತಹ ಸೂತ್ರಗಳ ಚರಿತ್ರೆಯೂ ಹಳೆಯದೇ. ಕೋಪನ್‌ಹೇಗನ್ ನಗರದ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್ ಎಂಬ ಗಣಿತಜ್ಞನು 1909ರಲ್ಲಿ ಕರೆಗಳ ಆಗಮನದ ಬಗ್ಗೆ ಪ್ರಕಟಿಸಿದ ವಿಚಾರಗಳೇ ಇಂದು ಉಪ್ಪಲ್, ಮಾಧಾಪುರಗಳ ಕರೆಕೇಂದ್ರಗಳಲ್ಲಿ ಎಷ್ಟು ಗಂಟೆಗೆ ಎಷ್ಟು ಮಂದಿ ಕುಳಿತಿರಬೇಕೆಂಬುದನ್ನು ನಿರ್ಣಯಿಸುವ ಲೆಕ್ಕಗಳಿಗೆ ತಳಹದಿ. ಅಮೆರಿಕದ ಗಿರಾಕಿಗಳಿಗೆ ಉತ್ತರಿಸುವ ಆ ಕೇಂದ್ರಗಳಿಗೆ ಇನ್ನೊಂದು ತಾಪತ್ರಯವಿದೆ. ಅಲ್ಲಿಯ ಗಡಿಯಾರವು ವರ್ಷಕ್ಕೆ ಎರಡು ಸಲ ಒಂದು ಗಂಟೆ ಸರಿಯುತ್ತದೆ, ಇಲ್ಲಿಯದು ಸರಿಯುವುದಿಲ್ಲ. ಸರಿಯುವ ದಿನಗಳನ್ನೇ ಅಮೆರಿಕವು 2007ರಿಂದ ಮಾರ್ಚಿನ ಎರಡನೆಯ ಭಾನುವಾರಕ್ಕೂ ನವೆಂಬರಿನ ಮೊದಲ ಭಾನುವಾರಕ್ಕೂ ಬದಲಿಸಿದಾಗ ಲೋಕದ ಗಣಕಗಳನ್ನೆಲ್ಲ ತಿದ್ದಬೇಕಾಯಿತು. ಮುಂಬಯಿಯ 39 ನಿಮಿಷಗಳು ಹೈದರಾಬಾದಿನಲ್ಲಿ 60 ನಿಮಿಷಗಳಾಗಿ ಮರಳಿ ಬಂದುವು ಎನ್ನಬಹುದು. ಈ ಸಲ ಕಲ್ಲು ತೂರುವುದಕ್ಕೆ ಗೋಡೆಯ ಮೇಲೆ ಗಡಿಯಾರವೂ ಇರಲಿಲ್ಲ.

ಮರುತಾಳೆಯನ್ನು ಉಪೇಕ್ಷಿಸಿದರೆ ಆಗುವ ಅನರ್ಥಕ್ಕೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಪ್ರಾಂತದ ಆರೋಗ್ಯ ಇಲಾಖೆಯು ನಿದರ್ಶನ. ಆಸ್ಪತ್ರೆಗಳ ಸರದಿಪಟ್ಟಿ ಮತ್ತು ಸಂಬಳದ ಹೊಸ ವ್ಯವಸ್ಥೆಯು 2010ರ ಮಾರ್ಚಿನಲ್ಲಿ ಅಲ್ಲಿ ಬಂದಿತು. ಸುಮಾರು 78,000 ನೌಕರರ ಲೆಕ್ಕ. ಹಳೆಯ ವ್ಯವಸ್ಥೆಯನ್ನೂ ಹೊಸದನ್ನೂ ಒಂದೇ ಸಂಬಳದ ಅವಧಿಗೆ ಪೂರ್ತಿಯಾಗಿ ಜೊತೆಯಲ್ಲಿ ನಡೆಸಿ ಫಲಗಳನ್ನು ತಾಳೆ ನೋಡುವ ಕೆಲಸವನ್ನು ಮೊದಲು ಮಾಡಲಿಲ್ಲ. ಸಾವಿರಾರು ಮಂದಿಗೆ ಕಡಿಮೆ ಸಂಬಳ, ಕೆಲವರಿಗೆ ಹೆಚ್ಚು, ಕೆಲವರಿಗೆ ಏನೂ ಇಲ್ಲ. ರಾತ್ರಿಯ ಪಾಳಿಯ ದಾದಿಯರಂತೆ ಲೆಕ್ಕವು ತೊಡಕಾದವರಿಗೆ ತೊಂದರೆ ಅಧಿಕ. 2013ರ ವಿಚಾರಣಾ ಆಯೋಗವು ಒಟ್ಟು ವೆಚ್ಚವನ್ನು 120 ಕೋಟಿ ಆಸ್ಟ್ರೇಲಿಯನ್ ಡಾಲರುಗಳೆಂದು ಅಂದಾಜು ಮಾಡಿತು. ಅಲ್ಲಿಯ ಮುಖ್ಯ ಗುತ್ತಿಗೆದಾರರು ಹಾಜರಿಯ ಗಡಿಯಾರದಿಂದ ವಂಶ ಆರಂಭಿಸಿದ ಆ ಐಬಿಎಂ ಸಂಸ್ಥೆಯವರೇ ಎಂಬುದು ಚರಿತ್ರೆಯ ಕುಚೋದ್ಯವೆಂದು ತೋರುತ್ತದೆ. ಆದರೆ ತಪ್ಪನ್ನೆಲ್ಲ ಅವರ ಮೇಲೆ ಹೊರಿಸುವುದು ಸರಿಯಲ್ಲ. ತಾಳೆ ನೋಡದೆ ಹೊಸದಕ್ಕೆ ದಾಟಲು ಒಪ್ಪಿದವರಲ್ಲಿ ಸರ್ಕಾರದ ಅಧಿಕಾರಿಗಳೂ ಇದ್ದರು.

ಈ ವಿಷಯದಲ್ಲಿ ಭಾರತದ ಬ್ಯಾಂಕುಗಳ ಅನುಭವವು ಉಪಯುಕ್ತವಾದುದು. 1983ರ ಸೆಪ್ಟೆಂಬರ್ 8ರಂದು ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಗಳಿಗೂ ಯಾಂತ್ರೀಕರಣದ ಬಗೆಗೆ ಒಪ್ಪಂದವಾಯಿತು, ಮರುವರ್ಷ ಡಾ. ಸಿ. ರಂಗರಾಜನ್ ಅವರ ಸಮಿತಿಯ ವರದಿ ಬಂದಿತು. ಅಂದಿನಿಂದ ಶಾಖೆಗಳಲ್ಲಿ ಯಂತ್ರ ಬಂದಾಗಲೆಲ್ಲ ಹಳೆಯ ಲೆಡ್ಜರನ್ನು ಕೂಡಲೇ ಮುಚ್ಚದೆ ಕೆಲವು ಕಾಲ ಎರಡನ್ನೂ ಜೊತೆಯಲ್ಲಿ ಬರೆದು ಪ್ರತಿ ಸಂಜೆ ತಾಳೆ ನೋಡುವ ಪದ್ಧತಿ ನೆಲೆಗೊಂಡಿತು. ಗುಮಾಸ್ತರು ಅದನ್ನು ಇಮ್ಮಡಿ ದುಡಿಮೆಯೆಂದು ಶಪಿಸಿದ್ದೂ ಉಂಟು. ಆದರೂ ಗಿರಾಕಿಯ ಬಾಕಿಯಲ್ಲಿ ಒಂದು ರೂಪಾಯಿ ವ್ಯತ್ಯಾಸವಾದರೆ ದೀಪ ಆರಿಸದೆ ಹುಡುಕುವ ಶ್ರದ್ಧೆಯು ಆ ವೃತ್ತಿಯ ಮರ್ಯಾದೆ. ಆಶ್ಚರ್ಯವೆಂದರೆ, ಅದೇ ಕಚೇರಿಗಳು ತಮ್ಮ ನೌಕರನ ಹಾಜರಿಯ, ರಜೆಯ ಬಾಕಿಗೆ ಅದೇ ಶ್ರದ್ಧೆಯನ್ನು ತೋರಬೇಕೆಂಬುದು ಸುಲಭವಾಗಿ ಹೊಳೆಯುವುದಿಲ್ಲ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಮತ್ತು ಸ್ಟೇಟ್ ಬ್ಯಾಂಕ್ ಆಫ್ ಮೈಸೂರುಗಳು ಒಂದೇ ದಿನ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾದುವು. 2019ರಲ್ಲಿ ವಿಜಯಾ ಬ್ಯಾಂಕು, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ಸೇರಿದುವು. ಕನ್ನಡಿಗರಿಗೆ ಅನ್ನವಿತ್ತ ಈ ಸಂಸ್ಥೆಗಳ ಹೆಸರಿನ ಲೋಪವನ್ನು ಕುರಿತು ಬಹಳ ಬರೆದದ್ದಾಗಿದೆ. ಅವುಗಳ ನೌಕರರ ಸೇವೆಯ ದಾಖಲೆಗಳು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ದಾಟಿದ ಕಥೆ, 1956ರ ಸೇವಾ ಪುಸ್ತಕಗಳ ಕಥೆಯಂತೆ, ಇನ್ನೂ ಬರೆಯಲ್ಪಡಬೇಕಾಗಿದೆ.

ಮರುತಾಳೆಯ ವಿಧಾನವು ಗೂಢವಾದುದೇನೂ ಅಲ್ಲ. ನೌಕರನು ಬಾಗಿಲಲ್ಲಿ ಬೆರಳೊತ್ತಿದ ಅಥವಾ ಕಾರ್ಡು ತೋರಿಸಿದ ಮೂಲ ಸಮಯಗಳನ್ನು ತಿದ್ದದೆ ಉಳಿಸಿಕೊಳ್ಳಬೇಕು. ಅವನ್ನು ಹಳೆಯ ನಿಯಮದಿಂದ ಒಮ್ಮೆ, ಹೊಸ ನಿಯಮದಿಂದ ಒಮ್ಮೆ ಎಣಿಸಬೇಕು. ಎರಡೂ ಕೂಡಿದಲ್ಲಿ ಚರ್ಚೆಯಿಲ್ಲ. ಕೂಡದಿರುವ ಪ್ರತಿಯೊಂದು ಸಾಲಿಗೂ ಕಾರಣವನ್ನು ಬರೆಯಬೇಕು. ಹಬ್ಬದ ರಜೆಯ ದಿನ, ರಾತ್ರಿಯ ಪಾಳಿ, ಇಬ್ಬರು ಪರಸ್ಪರ ಬದಲಿಸಿಕೊಂಡ ಪಾಳಿ, ತಿಂಗಳ ಕೊನೆ, ಅಧಿಕ ವರ್ಷದ ಫೆಬ್ರವರಿ 29 ಮುಂತಾದ ಅಂಚುಗಳಲ್ಲಿಯೇ ಹುಳುಕು ಅಡಗಿರುವುದರಿಂದ ಸಾಮಾನ್ಯ ದಿನಗಳ ನೂರು ಸಾಲುಗಳಿಗಿಂತ ಇಂತಹ ಹತ್ತು ಸಾಲುಗಳ ಪರೀಕ್ಷೆ ಹೆಚ್ಚು ಫಲಕಾರಿ. ಎಲ್ಲಕ್ಕಿಂತ ಮುಖ್ಯವಾಗಿ, ಕಾರಣವು ಸ್ಪಷ್ಟವಾಗುವವರೆಗೆ ಹೊಸ ಅಂಕಿಗಳನ್ನು ಆಧರಿಸಿ ಯಾರ ಸಂಬಳವನ್ನೂ ಕಡಿಯಬಾರದು, ಯಾರಿಗೂ ನೋಟೀಸು ಕೊಡಬಾರದು. ಮೂಲ ಸಮಯಗಳೇ ಉಳಿಯದಿದ್ದರೆ ಈ ಕೆಲಸವೆಲ್ಲ ಅಸಾಧ್ಯ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಸಾಂಕ್ರಾಮಿಕದ ಭಯದಿಂದ 2020ರ ಮಾರ್ಚಿನಲ್ಲಿ ಬೆರಳಚ್ಚಿನ ಹಾಜರಿಯನ್ನು ನಿಲ್ಲಿಸಿ 2021ರ ನವೆಂಬರಿನಲ್ಲಿ ಪುನಃ ಆರಂಭಿಸಿದರು. ಆ ನಡುವಣ ಕಾಲದಲ್ಲಿ ಕೈಬರಹದ ಹಾಜರಿಪುಸ್ತಕವು ಮರಳಿ ಮೇಜಿನ ಮೇಲೆ ಬಂದು ಕುಳಿತಿತು. ಮುಂದೆ ಯಾವನಾದರೂ ನೌಕರನ ಆ ಇಪ್ಪತ್ತು ತಿಂಗಳುಗಳ ಲೆಕ್ಕ ಕೇಳಿದರೆ ಉತ್ತರಿಸಬೇಕಾದುದು ಯಂತ್ರವಲ್ಲ, ಆ ಪುಸ್ತಕ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಕಾರ್ಖಾನೆಗಳ ಕಾಯಿದೆ, ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ, ಕೈಗಾರಿಕಾ ವಿವಾದಗಳ ಕಾಯಿದೆ ಇವೆಲ್ಲ ಇತಿಹಾಸಕ್ಕೆ ಸೇರಿದುವು. ಸೇವಾ ನಿಯಮಗಳ ಬದಲಾವಣೆಗೆ 21 ದಿನಗಳ ಮುನ್ಸೂಚನೆಯೆಂಬ ವಿಧಿಯು ಹೊಸ ಸಂಹಿತೆಯಲ್ಲಿಯೂ ಉಳಿದಿದೆ. ದಾಖಲೆಗಳನ್ನು ಗಣಕದಲ್ಲಿಯೇ ಇಡಲು ಅನುಮತಿಯಿದೆ. ಈ ಅನುಮತಿಯ ದಾರಿಯನ್ನು 2017ರ ಫೆಬ್ರವರಿಯ ನಿಯಮಗಳು, ಒಂಬತ್ತು ಕೇಂದ್ರ ಕಾಯಿದೆಗಳ 56 ಪುಸ್ತಕಗಳನ್ನು 5ಕ್ಕೆ ಇಳಿಸಿ, ಮೊದಲೇ ತೆರೆದಿದ್ದುವು. ಹಳೆಯ ಕಾರ್ಖಾನೆಗಳ ಕಾಯಿದೆಯ 108ನೆಯ ಕಲಮು ಸೂಚನೆಗಳು ಇಂಗ್ಲಿಷಿನಲ್ಲಿಯೂ ಬಹುಮಂದಿ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದಿತ್ತು. ಅದರಂತೆ ಶಹಾಬಾದಿನ ಸಿಮೆಂಟು ಕಾರ್ಖಾನೆಯ ಗೋಡೆಗೆ ಕನ್ನಡವೂ ಕುಷಾಯಿಗೂಡದ ಗೋಡೆಗೆ ತೆಲುಗೂ ಸಲ್ಲುತ್ತಿದ್ದುವು. ತಂತ್ರಾಂಶದ ಒಳಗಿನ ಎಣಿಕೆಯ ನಿಯಮವು ಯಾವ ಗೋಡೆಯ ಮೇಲೂ ತೂಗಲ್ಪಡುವುದಿಲ್ಲ. ಅದು ಯಾವ ಭಾಷೆಯಲ್ಲಿದೆಯೆಂಬ ಪ್ರಶ್ನೆಯೇ ಏಳುವುದಿಲ್ಲ.

ಹೊಸ ವ್ಯವಸ್ಥೆಯಲ್ಲಿ ಒಂದು ಅಂಶವು ಮರುತಾಳೆಯ ವಿಚಾರಕ್ಕೆ ನೇರವಾಗಿ ಸಂಬಂಧಿಸಿದುದು. 1936ರ ವೇತನ ಪಾವತಿ ಕಾಯಿದೆಯಲ್ಲಿ ಕಡಿತದ ವಿರುದ್ಧ ಅರ್ಜಿ ಹಾಕಲು ಸಾಮಾನ್ಯವಾಗಿ 12 ತಿಂಗಳ ಅವಧಿಯಿತ್ತು. ವೇತನ ಸಂಹಿತೆಯು ಅದನ್ನು ಮೂರು ವರ್ಷಗಳಿಗೆ ಏರಿಸಿದೆ. ಮತ್ತು ವೇತನವು ಕಡಿಮೆಯಾಯಿತೆಂದು ನೌಕರನು ಅರ್ಜಿ ಹಾಕಿದರೆ, ಸಲ್ಲಬೇಕಾದುದು ಸಂದಿದೆಯೆಂದು ರುಜುವಾತುಪಡಿಸುವ ಹೊಣೆಯನ್ನು ಮಾಲಿಕನ ಮೇಲೆಯೇ ಇಟ್ಟಿದೆ. ಚರ್ಲಪಲ್ಲಿಯ ಸಣ್ಣ ಕಾರ್ಖಾನೆಯ ಮಾಲಿಕನು ತಂತ್ರಾಂಶವನ್ನು ಬದಲಿಸಿದ ದಿನ ಹಳೆಯದರ ಮೂಲ ಸಮಯಗಳನ್ನೂ ಹಳೆಯ ನಿಯಮದ ಬರಹವನ್ನೂ ಅಳಿಸಿಬಿಟ್ಟರೆ, ಮುಂದಿನ ಮೂರು ವರ್ಷಗಳಲ್ಲಿ ಯಾವ ದಿನ ಯಾವ ಕಾರ್ಮಿಕನು ಅರ್ಜಿ ಹಿಡಿದು ಬಂದರೂ ಅವನಿಗೆ ತೋರಿಸುವುದಕ್ಕೆ ಮಾಲಿಕನ ಕೈಯಲ್ಲಿ ಒಂದು ಹಾಳೆಯೂ ಇರುವುದಿಲ್ಲ.